ಯಾರೂ ಮಾಡದ ವಿಷಯ

"ಕಂಪ್ಯೂಟರಲ್ಲಿ ಸಿಗ್ಲಿಲ್ಲ ಅಂದ್ರೆ ಯಾರೂ ಮಾಡಿಲ್ಲ ಅಂತಲ್ಲಮ್ಮ. ಹಳೇದೆಲ್ಲ ಈ ರಿಜಿಸ್ಟರಲ್ಲೇ ಇರೋದು," ಎಂದರು ಗ್ರಂಥಪಾಲಕರು.

ಸಂಗೀತದ ಎಂ.ಎ. ಪ್ರಬಂಧಕ್ಕೆ ನಾನು ಆರಿಸಿಕೊಂಡಿದ್ದು, ಮಾತು ಬಾರದ ಮಕ್ಕಳಿಗೆ ಸ್ವರ ಕಲಿಸುವ ಬಗೆ. ಹಿಂದೆ ಯಾರೂ ಮಾಡಿರದ ವಿಷಯವೇ ಆಗಬೇಕೆಂಬುದು ನಿಯಮ.

"ಒಳ್ಳೆ ವಿಷಯ. ಗೈಡ್ ಕೊಟ್ರಾ?"

"ಇಲ್ಲ ಸರ್, ಅಮ್ಮ ಹೇಳಿದ್ದು. ಅವರಿಗೆ ಸಂಗೀತದ ಗಂಧಗಾಳಿಯೂ ಇಲ್ಲ. ಅವರೆಕಾಯಿ ಸುಲೀತಾ ಕೂತಿದ್ದಾಗ ಸುಮ್ನೆ ಹೊಳೀತಂತೆ. ಯಾರೂ ಮಾಡಿಲ್ಲ, ನೀನೇ ಮಾಡು ಅಂದ್ರು."

ಗ್ರಂಥಪಾಲಕರು ಪುಟ ತಿರುಗಿಸುತ್ತಾ ಹೋಗಿ ಒಂದೆಡೆ ಬೆರಳಿಟ್ಟರು. "ಇಲ್ಲಿದೆ ನೋಡಿ, ಇದೇ ವಿಷಯ. ಆದ್ರೆ ಪಾಪ, ಮುಗಿಸಿಲ್ಲ."

ನಾನು ಬಗ್ಗಿ ನೋಡಿದೆ. ಅದು ನಾನು ಹುಟ್ಟಿದ ವರ್ಷ. ವಿದ್ಯಾರ್ಥಿನಿಯ ಹೆಸರು ಅಮ್ಮನದು. ಕೈಬಿಟ್ಟ ಕಾರಣ ಎಂಬಲ್ಲಿ ಅವಳದೇ ದುಂಡಗಿನ ಅಕ್ಷರದಲ್ಲಿ ಒಂದೇ ಪದವಿತ್ತು: ಹೆರಿಗೆ.