ಬದನೆಕಾಯಿ ಬಣ್ಣದ ಸೀರೆ

ತಿಪಟೂರಿನ ವನಜಾಕ್ಷಿಯವರಿಗೆ ಕಳಿಸಿದ್ದ ಬದನೆಕಾಯಿ ಬಣ್ಣದ ಸೀರೆ ವಾಪಸ್ ಬಂತು. ಕಾರಣ ಹೋದ ಸಲದ್ದೇ: ಬಣ್ಣ ಹಿಡಿಸಲಿಲ್ಲ.

ಅತ್ತಿಗೆಯ ಸೀರೆ ವ್ಯಾಪಾರದಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವ ನಳಿನಿ ಮಡಿಕೆ ಬಿಚ್ಚಿದಳು. ಸೆರಗಿನಿಂದ ಬಾಡಿದ ಮಲ್ಲಿಗೆಯೊಂದು ಉದುರಿತು, ಜೊತೆಗೆ ಒಂದಿಷ್ಟು ಅಕ್ಷತೆ.

"ನೋಡಿ ಅತ್ತಿಗೆ, ಮದುವೆಗೆ ಉಟ್ಟು, ಊಟ ಮುಗಿಸಿ, ಮಡಚಿ ಕಳಿಸಿದಾಳೆ. ಆನ್‌ಲೈನಲ್ಲಿ ಸೀರೆ ಮಾರೋದು ಅಂದ್ರೆ ವ್ಯಾಪಾರ, ಧರ್ಮಛತ್ರ ಅಲ್ಲ. ಮೊದಲು ಇವಳನ್ನ ಬ್ಲಾಕ್ ಮಾಡಿ."

"ನೀನು ಹೇಳೋದು ಸರಿ ಕಣೆ. ಇನ್ಮೇಲೆ ನಾನೂ ವ್ಯಾಪಾರಸ್ಥರ ಥರಾನೇ ಯೋಚನೆ ಮಾಡ್ಬೇಕು."

ಅತ್ತಿಗೆ ಕನ್ನಡಕ ಏರಿಸಿಕೊಂಡು, ಕಳಿಸಲು ಸಿದ್ಧವಾಗಿದ್ದ ಪಾರ್ಸಲ್‌ಗಳ ರಾಶಿಯನ್ನು ನೋಡಿದಳು.

"ಇದೇನೇ, ಎಲ್ಲರೂ ಈ ಬದನೆಕಾಯಿ ಬಣ್ಣವನ್ನೇ ಕೇಳಿದಾರೆ? ಎಲ್ಲಿಗೆ ಹೋಗ್ತಿವೆ ಇವೆಲ್ಲ?"

"ತಿಪಟೂರಿಗೆ. ಅದ್ಯಾಕೋ ಈ ವಾರ ಆ ಊರಿಂದ ಒಂದೇ ಸಮ ಆರ್ಡರು. ಮಾತು ಮರೆಸ್ಬೇಡಿ ಅತ್ತಿಗೆ, ಈಗಲೇ ಫೋನ್ ಮಾಡಿ ಚೆನ್ನಾಗಿ ಉಗೀರಿ."

ಅತ್ತಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕುವಂತೆ ನಳಿನಿ ಸನ್ನೆ ಮಾಡಿದಳು.

"ವನಜಾಕ್ಷಿಯವರೇ, ಸೀರೆ ಬಂತು. ಸೆರಗಲ್ಲಿ ಅಕ್ಷತೆ ಇತ್ತು."

ನಳಿನಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದಳು.

"ಮುಂದಿನ ಮದುವೆ ಯಾವತ್ತು ಹೇಳಿ," ಎಂದಳು ಅತ್ತಿಗೆ. "ನಮ್ಮಲ್ಲಿ ಹಸಿರು ಸೀರೆ ಒಂದೂ ಖರ್ಚಾಗ್ತಿಲ್ಲ. ಕಳಿಸಿಕೊಡ್ತೀನಿ, ಉಟ್ಕೊಂಡು ಎಲ್ಲರಿಗೂ ಕಾಣೋ ಹಾಗೆ ಮೊದಲ್ನೇ ಸಾಲಲ್ಲೇ ಕೂತ್ಕೊಳಿ."