ಚಂದ್ರ ಇಳಿಯುವ ಮೊದಲು

ಇಳಕಲ್ಲಿನ ಗಂಡಸರು ಚಂದ್ರನ ಗಣಿಗೆ ದುಡಿಯಲು ಹೋಗುವುದು ಈಗ ಯಾರಿಗೂ ಸೋಜಿಗವಲ್ಲ. ನೀಲವ್ವನ ಗಂಡ ಹೋಗಿಯೂ ಎರಡು ವರ್ಷವಾಗಿತ್ತು. ಮನೆಯವರೊಡನೆ ಮಾತಿಗೆ ತಿಂಗಳಿಗೊಂದು ಸರದಿ, ಅದೂ ಚಂದ್ರ ಮುಳುಗುವ ತನಕ; ತಪ್ಪಿದರೆ ಮತ್ತೆ ಮುಂದಿನ ತಿಂಗಳೇ. ಇವತ್ತು ಬೆಳಿಗ್ಗೆ ಮಾಳಿಗೆಯ ಮೇಲೆ ಬಂದು ಕೂತರೆ, ಮಾತಿನ ಯಂತ್ರ ಅವಳ ಗುರುತೇ ಹಿಡಿಯಲಿಲ್ಲ.

ರಿಪೇರಿಯ ಮೆಹರುನ್ನೀಸಾ ಬಂದು ಬಿಚ್ಚಿ ನೋಡಿದಳು. "ನಿನ್ನೆ ಹೊಸಾ ಸಿಸ್ಟಮ್ ಬಂದೈತ್ರಿ ಅಕ್ಕಾರ, ಹಳೇ ಲಾಗಿನ್ ಸೆಟ್ಟಿಂಗ್ಸ್ ಅಷ್ಟೂ ಹೋಗ್ಯಾವ. ಎಲ್ಲಾ ಮತ್ತ ಹಾಕೇನಿ. ಪಾಸ್‌ವರ್ಡ್ ಮಾತ್ರ ನೀವ ಬಾಯಿಲೆ ಹೇಳಬೇಕು."

"ಬರದ್ರ ಆಗೂದಿಲ್ಲೇನವಾ?"

"ಇನ್ನ ಮ್ಯಾಲ ದನಿನ ಬೇಕಂತ. ಯಾಕ್ರಿ, ಮರ್ತೀರೇನು?"

ನೀಲವ್ವ ಸೆರಗನ್ನು ಬಾಯಿಗೆ ಹಿಡಿದಳು. "ಅವರ ಹೆಸರ ಇಟ್ಟೀನವಾ. ಇಷ್ಟ ದಿನ ಬೆರಳಿಲೆ ಬರೀತಿದ್ದೆ. ಲಗ್ನಾಗಿ ಇಪ್ಪತ್ತಾರು ವರ್ಷಾತು, ಒಮ್ಮಿನೂ ಬಾಯಾಗ ಅಂದಿಲ್ಲ."

ಮೆಹರುನ್ನೀಸಾ ನಗಲಿಲ್ಲ. ಪಡುವಣದಲ್ಲಿ ಬಿಳಿಚಿಕೊಂಡ ಚಂದ್ರ ಆಗಲೇ ನೀರಿನ ಟ್ಯಾಂಕಿನ ಹತ್ತಿರಕ್ಕೆ ಇಳಿದಿದ್ದ. ಅವನ ಕಡೆ ಒಮ್ಮೆ ಕೈಮಾಡಿ ತೋರಿಸಿ, ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ನೀಲವ್ವ ಸುತ್ತಮುತ್ತ ನೋಡಿ ಪಿಸುಗುಟ್ಟಿದಳು.

"ಜೋರಾಗಿ ಹೇಳಿ" ಎಂದಿತು ಯಂತ್ರ.

ಅವಳು ಕಣ್ಣು ಮುಚ್ಚಿ, "ಸಂಗನಬಸಪ್ಪಾ!" ಎಂದು ಕೂಗಿಯೇಬಿಟ್ಟಳು. ಪಕ್ಕದ ಮನೆಯ ಮಗ್ಗ ಗಪ್ಪನೆ ನಿಂತಿತು. ಯಂತ್ರದಲ್ಲಿ ಹಸಿರು ದೀಪ ಹೊತ್ತಿಕೊಂಡು, ಅದೇ ಕೂಗು ಚಂದ್ರನ ಕಡೆ ಹೊರಟಿತು.

ಆ ತುದಿಯಿಂದ ಗಂಡನ ದನಿ ಬಂತು, ಸ್ವಲ್ಪ ಒದ್ದೆಯಾಗಿತ್ತು.

"ಲೈನ್ ಸರಿ ಇಲ್ಲ ನೋಡು, ನನಗೇನೂ ಕೇಳಿಸ್ಲಿಲ್ಲ. ಇನ್ನೊಮ್ಮಿ ಕೂಗು."