ಡೋಲು ನಿಂತ ಮೇಲೆ

ಮಗುವಿನ ದೂರನ್ನು ಯಾರಾದರೂ ಬರೆದುಕೊಂಡು ಪೊಲೀಸರಿಗೆ ತಲುಪಿಸುವವರೆಗೂ ಆ ದನಿ, ಅದನ್ನು ಹೇಳಿದ ಕೋಣೆಯಲ್ಲೇ ಉಳಿದುಬಿಡುತ್ತದೆ. ಯಾವ ಊರಿನಲ್ಲಾದರೂ ಹಾಗೆಯೇ. ಮಕ್ಕಳನ್ನು ಕ್ಯಾಂಪಿಗೆ ಒಯ್ಯುವ ಅರುಣ ಬಾಲದಳದ ಸ್ವಯಂಸೇವಕರು ಮಾತ್ರ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು: ದನಿ ಯಾರಿಗೂ ಕೇಳಿಸದಂತೆ ಸಾಮಾನಿನ ಕೋಣೆಯಲ್ಲಿ ದಿನವಿಡೀ ಬ್ಯಾಂಡಿನ ತಾಲೀಮು.

ಹೊಸ ಅಧ್ಯಕ್ಷೆ ನೀಲಾಂಬಿಕಾ ಹಾದಿಮನಿ ಮೊದಲ ದಿನವೇ ಆ ಬಾಗಿಲು ತೆರೆದು, "ಡೋಲು ನಿಲ್ಲಸ್ರಿ" ಎಂದರು.

ಕಾರ್ಯದರ್ಶಿ ಗುರುಪಾದಪ್ಪ ಓಡಿಬಂದರು. "ಮೇಡಂ, ನಾಳೆ ಮುಗಳಿ ಸರ್‌ಗೆ ಸನ್ಮಾನ ಐತ್ರಿ. ನಮ್ಮ ದಳಕ್ಕ ಮೂವತ್ತು ವರ್ಷ ಬಿಟ್ಟಿ ದುಡದ ಮನಷ್ಯಾ. ಹಳೇದನ್ನ ಯಾಕ ಕೆದಕತೀರಿ?"

"ನಾ ಕೆದಕಾಕತ್ತಿಲ್ಲ. ನೀವು ಮುಚ್ಚೀರಿ."

ಡೋಲು ನಿಂತಿತು. ಮಡಚಿಟ್ಟ ಡೇರೆಗಳ ಹಿಂದಿನಿಂದ ಹತ್ತು ವರ್ಷದ ಹುಡುಗಿಯ ದನಿಯೊಂದು ದಣಿಯದೆ ಹೇಳುತ್ತಲೇ ಇತ್ತು. "ಕ್ಯಾಂಪಿನ್ಯಾಗ ಮುಗಳಿ ಸರ್ ನನ್ನೊಬ್ಬಾಕಿನ್ನ ಡೇರೆಗೆ ಕರದ್ರು. ಯಾರಿಗೂ ಹೇಳಬ್ಯಾಡ ಅಂದ್ರು. ನಾ ಹೇಳಾಕತ್ತೀನಿ."

ನೀಲಾಂಬಿಕಾ ನೆಲದ ಮೇಲೆ ಕುಳಿತು, ಕೊನೆಯವರೆಗೂ ಕೇಳಿ, ಒಂದಕ್ಷರ ಬಿಡದೆ ಬರೆದುಕೊಂಡರು. ಕೆಳಗೆ ತಮ್ಮ ಹೆಸರು ಹಾಕಿ, ಹಾಳೆಯ ಫೋಟೊ ತೆಗೆದು ಠಾಣೆಗೆ ಕಳಿಸಿದರು. ಹುಡುಗಿಯ ದನಿ ಸುಮ್ಮನಾಯಿತು.

ಗುರುಪಾದಪ್ಪ ಉಸಿರು ಬಿಟ್ಟರು. "ಮುಗೀತಲ್ರಿ?"

ಇಷ್ಟು ದಿನ ಅವಳ ದನಿಯ ಅಡಿಯಲ್ಲಿ ಹೂತಿದ್ದ ಇನ್ನೊಂದು ದನಿ ಆಗ ಕೇಳಿಸಿತು. ಅದು ಒಬ್ಬ ಹುಡುಗನದು, ಇನ್ನೂ ಹಳೆಯದು. "ಗುರುಪಾದಪ್ಪ ಸರ್, ನಿಮಗೊಂದು ಮಾತು ಹೇಳಬೇಕ್ರಿ..."

ಕಾರ್ಯದರ್ಶಿ ಡೋಲಿನತ್ತ ಕೈ ಚಾಚಿದರು. ನೀಲಾಂಬಿಕಾ ಹೊಸ ಹಾಳೆ ತಿರುವಿ, ಪೆನ್ನನ್ನು ಅವರ ಕೈಗೇ ಕೊಟ್ಟರು.

"ನಿಮಗ ಹೇಳಿದ್ದು. ನೀವ ಬರೀರಿ. ಕೆಳಗ ನಿಮ್ಮ ಹೆಸರು ಹಾಕ್ರಿ."